ಅಂಗಡಿಯ ಎದುರೇ ನಿಂತು ‘ಅಂಗಡಿ ಎಲ್ಲಿದೆ?’ ಎಂದು ಕೇಳಿದರು: ಒಂದು ಫಲಕದ ಪ್ರಕರಣ ಅಧ್ಯಯನ

ಕನ್ನಡಕದ ಅಂಗಡಿಯೊಂದರ ಮಾಲೀಕರು ಫಲಕಗಳ ವಿನ್ಯಾಸ ಮಾಡುವ ನನ್ನನ್ನು ಕರೆಸಿದಾಗ ಅವರು ಹೊಸ ಕಟ್ಟಡಕ್ಕೆ ಬಂದು ನಾಲ್ಕು ತಿಂಗಳಾಗಿತ್ತು. ನೆಲಮಹಡಿಯಲ್ಲೇ ಅಂಗಡಿ, ಮುಂದೆ ಅಗಲವಾದ ರಸ್ತೆ, ಬಾಗಿಲ ಮೇಲೆ ಆರು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರದ ಹೊಸ ಫಲಕ. ಆದರೂ ಆಗಾಗ ಯಾರಾದರೂ ಫೋನ್ ಮಾಡಿ, ‘ನಾನು ಬಸ್ ತಂಗುದಾಣದಲ್ಲಿ ನಿಂತಿದ್ದೇನೆ, ನಿಮ್ಮ ಅಂಗಡಿ ಎಲ್ಲಿದೆ?’ ಎಂದು ಕೇಳುತ್ತಿದ್ದರು. ಆ ತಂಗುದಾಣ ಇರುವುದು ಅಂಗಡಿಯ ನೇರ ಎದುರಿಗೆ.

‘ಇಷ್ಟು ದೊಡ್ಡ ಬೋರ್ಡ್ ಹಾಕಿಸಿದ್ದೇನೆ. ಇನ್ನೆಷ್ಟು ದೊಡ್ಡದು ಬೇಕು, ಹೇಳಿ’ ಎಂದು ಮಾಲೀಕರು ಬೇಸರದಿಂದ ಕೇಳಿದರು.

ಆ ಫಲಕದ ವಿನ್ಯಾಸವನ್ನು ಅವರು ಲ್ಯಾಪ್‌ಟಾಪ್‌ನಲ್ಲಿ ತೋರಿಸಿದರು. ನೋಡಲು ಚೆನ್ನಾಗಿಯೇ ಇತ್ತು. ನೀಲಿಯಿಂದ ನೇರಳೆಗೆ ಸರಿಯುವ ಹಿನ್ನೆಲೆ, ಕನ್ನಡಕ ಧರಿಸಿದ ಐದು ಮುಖಗಳ ಚಿತ್ರ, ತೆಳು ಅಕ್ಷರದಲ್ಲಿ ಅಂಗಡಿಯ ಹೆಸರು, ಒಂಬತ್ತು ಸೇವೆಗಳ ಪಟ್ಟಿ, ಎರಡು ಫೋನ್ ಸಂಖ್ಯೆ, ಜಾಲತಾಣದ ವಿಳಾಸ, ಕೆಳಗೆ ಸಾಲಾಗಿ ಕಂಪನಿಗಳ ಲಾಂಛನಗಳು. ಪದಗಳನ್ನು ಎಣಿಸಿದೆ: ನಲವತ್ತಾರು. ತೋಳಳತೆಯಲ್ಲಿರುವ ಪರದೆಯ ಮೇಲೆ ನಲವತ್ತಾರು ಪದಗಳನ್ನು ಓದುವುದು ಕಷ್ಟವಲ್ಲ. ವಿನ್ಯಾಸ ಮಾಡಿದವರೂ ಒಪ್ಪಿದವರೂ ಅದನ್ನು ನೋಡಿದ್ದು ಅಷ್ಟೇ ದೂರದಿಂದ. ರಸ್ತೆಯ ಆಚೆ ಬದಿಯಲ್ಲಿ ನಿಂತು ಒಮ್ಮೆಯೂ ನೋಡಿರಲಿಲ್ಲ. ನನ್ನ ಕೆಲಸ ಅಲ್ಲಿಂದಲೇ ಶುರುವಾಯಿತು.

ಮೊದಲು ಅಳತೆಪಟ್ಟಿ, ಆಮೇಲೆ ಕಂಪ್ಯೂಟರ್

ಫಲಕವನ್ನು ಯಾರು, ಎಲ್ಲಿಂದ, ಎಷ್ಟು ಹೊತ್ತು ನೋಡುತ್ತಾರೆ ಎಂಬುದನ್ನು ಬರೆದುಕೊಳ್ಳದೆ ನಾನು ಯಾವ ವಿನ್ಯಾಸಕ್ಕೂ ಕೈ ಹಾಕುವುದಿಲ್ಲ. ಇಲ್ಲಿ ನಾಲ್ಕು ಬಗೆಯ ನೋಡುಗರು ಸಿಕ್ಕರು. ವಾಹನದಲ್ಲಿ ಬರುವವರಿಗೆ ಮರವೊಂದರ ಕೊಂಬೆ ಮರೆಯಾಗುವುದರಿಂದ ಸುಮಾರು 60 ಮೀಟರ್ ಹತ್ತಿರಕ್ಕೆ ಬಂದ ಮೇಲಷ್ಟೇ ಕಟ್ಟಡ ಕಾಣುತ್ತದೆ. ತಂಗುದಾಣದಲ್ಲಿ ನಿಂತವರು 22 ಮೀಟರ್ ದೂರದಲ್ಲಿರುತ್ತಾರೆ. ಈಚೆ ಬದಿಯ ಪಾದಚಾರಿಗಳಿಗೆ ಮೂರು ಮೀಟರ್. ಬಾಗಿಲ ಗಾಜಿನ ಮುಂದೆ ಮತ್ತು ಒಳಗೆ ಕಾಯುವ ಜಾಗದಲ್ಲಿ ಒಂದು ಮೀಟರ್.

ಮಾಲೀಕರ ಮನಸ್ಸಿನಲ್ಲಿದ್ದದ್ದು ವಾಹನಗಳಲ್ಲಿ ಬರುವವರು. ಅವರ ಲೆಕ್ಕವನ್ನು ಕಾಗದದ ಮೇಲೆ ಹಾಕಿದಾಗ ಇಬ್ಬರಿಗೂ ಅಚ್ಚರಿಯಾಯಿತು. ಗಂಟೆಗೆ 40 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 11 ಮೀಟರ್. 60 ಮೀಟರ್ ದಾಟಲು ಐದೂವರೆ ಸೆಕೆಂಡು ಸಾಕು. ಅದಕ್ಕಿಂತ ದೊಡ್ಡ ತೊಡಕು ಕೋನದ್ದು. ಗೋಡೆಗೆ ಒರಗಿದ ಫಲಕ ರಸ್ತೆಗೆ ಸಮಾನಾಂತರವಾಗಿರುತ್ತದೆ. ವಾಹನ ಸಾಗುವ ಗೆರೆಯಿಂದ ಫಲಕಕ್ಕೆ ಅಡ್ಡ ಅಂತರ 12 ಮೀಟರ್. ಹಾಗಾಗಿ 60 ಮೀಟರ್ ಹಿಂದಿನಿಂದ ಅದು ಸುಮಾರು 11 ಡಿಗ್ರಿ ಓರೆಯಲ್ಲಿ ಕಾಣುತ್ತದೆ. ಅಂದರೆ ಅಗಲವೆಲ್ಲ ಐದನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ಆರು ಮೀಟರ್‌ನ ಫಲಕ ಚಾಲಕನ ಕಣ್ಣಿಗೆ ಒಂದು ಮೀಟರ್‌ಗಿಂತ ಸ್ವಲ್ಪ ಹೆಚ್ಚು ಅಗಲದ ಪಟ್ಟಿ. 30 ಮೀಟರ್‌ಗೆ ಬಂದಾಗಲೂ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಷ್ಟೇ. ನೆಟ್ಟಗೆ ಕಾಣುವ ಹೊತ್ತಿಗೆ ವಾಹನ ಅಂಗಡಿಯನ್ನು ದಾಟಿರುತ್ತದೆ.

ಆದ್ದರಿಂದ ಆ ಗೋಡೆಯ ಮೇಲೆ ಎಷ್ಟೇ ದೊಡ್ಡ ಫಲಕ ಹಾಕಿದರೂ ಅದು ಚಾಲಕರಿಗಾಗಿ ಆಗುವುದಿಲ್ಲ. ಅವರಿಗೆ ಬೇಕಾದದ್ದು ಗೋಡೆಯಿಂದ ಹೊರಚಾಚಿ ರಸ್ತೆಗೆ ಅಡ್ಡಲಾಗಿ ನಿಲ್ಲುವ, ಎರಡೂ ಮುಖವಿರುವ ಚಿಕ್ಕ ಫಲಕ. ದೊಡ್ಡ ಫಲಕದ ನಿಜವಾದ ಓದುಗರು ತಂಗುದಾಣದಲ್ಲಿ ಬಸ್ಸಿಗಾಗಿ ಕಾಯುತ್ತ ಎದುರಿಗೇ ನೋಡುತ್ತಿರುವವರು. ಫೋನ್ ಬರುತ್ತಿದ್ದದ್ದೂ ಅಲ್ಲಿಂದಲೇ. ಒಂದೇ ಫಲಕದಿಂದ ನಾಲ್ವರನ್ನೂ ತಲುಪುವ ಆಸೆಯನ್ನು ಅಂದೇ ಬಿಟ್ಟು, ಕೆಲಸವನ್ನು ನಾಲ್ಕು ಭಾಗಗಳಾಗಿ ಹಂಚಿಕೊಂಡೆವು: ಮುಖ್ಯ ಫಲಕ, ಹೊರಚಾಚುವ ಚಿಕ್ಕ ಫಲಕ, ಬಾಗಿಲ ಗಾಜು, ಒಳಗೋಡೆ.

ಮಾಲೀಕರ ವಾದ ಮತ್ತು ಒತ್ತಕ್ಷರ

ಅಕ್ಷರದ ಎತ್ತರದ ಮಾತು ಬಂದಾಗ ಮಾಲೀಕರು ಒಂದು ಒಳ್ಳೆಯ ಪ್ರಶ್ನೆ ಎತ್ತಿದರು. ಅವರು ದಿನವೂ ಬಳಸುವ ದೃಷ್ಟಿ ಪರೀಕ್ಷೆಯ ಫಲಕ 1862ರಲ್ಲಿ ಡಚ್ ನೇತ್ರವೈದ್ಯ ಹರ್ಮನ್ ಸ್ನೆಲೆನ್ ರೂಪಿಸಿದ ತತ್ತ್ವದ ಮೇಲೆ ನಿಂತಿದೆ. ಕೋನದ ಅಳತೆಯಲ್ಲಿ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಒಂದು ಭಾಗಕ್ಕೆ ಒಂದು ನಿಮಿಷ ಎನ್ನುತ್ತಾರೆ. ಆರೋಗ್ಯವಂತ ಕಣ್ಣು ಒಂದು ನಿಮಿಷದಷ್ಟು ದಪ್ಪದ ಗೆರೆಯನ್ನು ಬೇರೆಯಾಗಿ ಗುರುತಿಸಬಲ್ಲದು. ಅಂಥ ಐದು ಗೆರೆಗಳಷ್ಟು ಎತ್ತರದ ಅಕ್ಷರವನ್ನು ಓದಬಲ್ಲದು. ಆ ಲೆಕ್ಕದಲ್ಲಿ 6/60 (ಒಳ್ಳೆಯ ಕಣ್ಣು 60 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದಷ್ಟೇ ಓದುವ ದೃಷ್ಟಿ) ಎಂದು ಗುರುತಿಸುವ ಅತಿದೊಡ್ಡ ಅಕ್ಷರದ ಎತ್ತರ 87 ಮಿಲಿಮೀಟರ್.

‘ಆ 87 ಮಿಲಿಮೀಟರ್ ಅಕ್ಷರವನ್ನು ಒಳ್ಳೆಯ ಕಣ್ಣು 60 ಮೀಟರ್‌ನಿಂದ ಓದುತ್ತದೆ. ನನ್ನ ಬೋರ್ಡಿನ ಚಿಕ್ಕ ಸಾಲೂ 90 ಮಿಲಿಮೀಟರ್ ಇದೆ. ತಂಗುದಾಣ ಬರೀ 22 ಮೀಟರ್. ಹಾಗಿದ್ದರೆ ಏಕೆ ಕಾಣುವುದಿಲ್ಲ?’

ಲೆಕ್ಕದಲ್ಲಿ ತಪ್ಪಿರಲಿಲ್ಲ, ಅಳೆದ ವಸ್ತು ಬೇರೆಯಾಗಿತ್ತು. ಪರೀಕ್ಷೆಯ ಫಲಕದಲ್ಲಿರುವುದು ಒಂದೇ ಅಂತಸ್ತಿನ, ಬಿಡಿಬಿಡಿಯಾಗಿ ನಿಂತ ಲ್ಯಾಟಿನ್ ಅಕ್ಷರ. ಬಿಳಿಯ ಮೇಲೆ ಕಪ್ಪು. ನಮ್ಮ ಲಿಪಿ ಹಾಗಲ್ಲ. ಹಳೆಯ ಫಲಕದಲ್ಲಿದ್ದ ‘ದೃಷ್ಟಿ’ ಎಂಬ ಪದವನ್ನೇ ನೋಡಿ. ದಕಾರಕ್ಕೆ ವಟ್ರಸುಳಿ, ಷಕಾರದ ತಲೆಯ ಮೇಲೆ ಗುಡಿಸು, ಕೆಳಗೆ ಟಕಾರದ ಒತ್ತು. ಮೂರು ಅಂತಸ್ತು ಸೇರಿ 90 ಮಿಲಿಮೀಟರ್. ಏಣಿ ಹತ್ತಿ ಆ ಒತ್ತನ್ನಷ್ಟೇ ಅಳೆದೆ: 28 ಮಿಲಿಮೀಟರ್. 22 ಮೀಟರ್ ದೂರದಲ್ಲಿ ಒಂದು ನಿಮಿಷ ಎಂದರೆ 6.4 ಮಿಲಿಮೀಟರ್, ಐದು ನಿಮಿಷ ಎಂದರೆ 32. ಅಂದರೆ ಆ ಒತ್ತು ಒಳ್ಳೆಯ ಕಣ್ಣಿನ ಮಿತಿಗಿಂತಲೂ ಚಿಕ್ಕದು. ಗೆರೆಯ ದಪ್ಪ ಐದೇ ಮಿಲಿಮೀಟರ್. ಅದೂ ಮಿತಿಯ ಕೆಳಗೆ. ‘ಪರೀಕ್ಷೆ’ಯಲ್ಲಿ ಕ್ಷೆ, ‘ಕಾಂಟ್ಯಾಕ್ಟ್’ನಲ್ಲಿ ಟ್ಯಾ, ಎಲ್ಲದರದ್ದೂ ಇದೇ ಗತಿ. ಮಾಲೀಕರು ತಾವೇ ಅಳತೆಪಟ್ಟಿ ತೆಗೆದುಕೊಂಡು ಮತ್ತೊಮ್ಮೆ ಅಳೆದು ನೋಡಿದರು.

ದೊಡ್ಡ ಅಳತೆಯ ಮುದ್ರಣಕ್ಕೆ ಒಂದು ರೂಢಿಯ ಸೂತ್ರವಿದೆ: ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ. ಎಂದರೆ ದೂರದ 120ನೆಯ ಒಂದು ಭಾಗ. 22 ಮೀಟರ್‌ಗೆ ಅದು 183 ಮಿಲಿಮೀಟರ್ ಆಗುತ್ತದೆ. ಈ ಸೂತ್ರ ಹುಟ್ಟಿದ್ದು ಲ್ಯಾಟಿನ್ ಲಿಪಿಯನ್ನು ಮುಂದಿಟ್ಟುಕೊಂಡು. ಕನ್ನಡಕ್ಕೆ ನಾನು ಅದನ್ನು ಹಾಗೆಯೇ ನಂಬುವುದಿಲ್ಲ. ಸಾಲಿನಲ್ಲಿರುವ ಅತಿ ಚಿಕ್ಕ ಒತ್ತು ಓದಲು ಬರುತ್ತದೆಯೇ ಎಂದು ನೋಡಿ, ಅಲ್ಲಿಂದ ಮೇಲಕ್ಕೆ ಲೆಕ್ಕ ಹಾಕುತ್ತೇನೆ.

ಈ ಪ್ರಕರಣದಲ್ಲಿ ಇನ್ನೊಂದು ಮಾತಿತ್ತು. ಕನ್ನಡಕದ ಅಂಗಡಿಯನ್ನು ಹುಡುಕಿಕೊಂಡು ಬರುವವರು ಯಾರು? ಕಣ್ಣು ಮಂಜಾದವರು, ಕನ್ನಡಕ ಒಡೆದುಕೊಂಡವರು, ಹಳೆಯ ಪವರ್‌ನಲ್ಲೇ ದಿನ ದೂಡುತ್ತಿರುವವರು. 6/6 ದೃಷ್ಟಿ ಇರುವವರಿಗೆಂದು ವಿನ್ಯಾಸ ಮಾಡಿದರೆ ಅಂಗಡಿಗೆ ಬರಬೇಕಾದವರನ್ನೇ ಹೊರಗಿಟ್ಟಂತೆ. 6/12 ದೃಷ್ಟಿಯನ್ನು ಆಧಾರವಾಗಿ ಇಟ್ಟುಕೊಂಡೆವು. ಎಲ್ಲ ಅಳತೆಯೂ ಎರಡು ಪಟ್ಟು: ಒತ್ತಿಗೇ 64 ಮಿಲಿಮೀಟರ್, ಅದನ್ನು ಹೊತ್ತ ಪೂರ್ತಿ ಅಕ್ಷರಕ್ಕೆ ಸುಮಾರು 205.

ಬಾಯಿಮಾತಿನ ಲೆಕ್ಕಕ್ಕಿಂತ ಕಣ್ಣಾರೆ ಕಾಣುವುದು ಮೇಲು. ಸಾದಾ ಕಾಗದದ ಮೇಲೆ 90, 150, 210 ಮಿಲಿಮೀಟರ್ ಎತ್ತರದಲ್ಲಿ ಒಂದೇ ಸಾಲನ್ನು ಮುದ್ರಿಸಿ ಹಳೆಯ ಫಲಕದ ಮೇಲೆ ಅಂಟಿಸಿದೆ. ಇಬ್ಬರೂ ರಸ್ತೆ ದಾಟಿ ತಂಗುದಾಣದಲ್ಲಿ ನಿಂತೆವು. ಮಾಲೀಕರಿಗೂ ಕನ್ನಡಕವಿದೆ. ‘ಒಮ್ಮೆ ತೆಗೆದು ನೋಡಿ’ ಎಂದೆ. ತೆಗೆದರು. ಬಹಳ ಹೊತ್ತು ಏನೂ ಹೇಳಲಿಲ್ಲ. ‘ನನ್ನ ಗ್ರಾಹಕರು ನೋಡುವುದು ಹೀಗೇ ಅಲ್ಲವೇ’ ಎಂದರು ಕೊನೆಗೆ. 90ರ ಸಾಲು ಅವರಿಗೆ ಬೂದು ಗೀಟಾಗಿತ್ತು. 210 ಓದಲು ಬಂತು.

ನಲವತ್ತಾರರಿಂದ ಐದಕ್ಕೆ

ಅಕ್ಷರ ಇಷ್ಟು ದೊಡ್ಡದಾದ ಮೇಲೆ ಪದಗಳು ತಾವಾಗಿಯೇ ಉದುರಬೇಕಾಯಿತು. ಹೆಚ್ಚು ಚರ್ಚೆಯಾದದ್ದು ಹೆಸರಿನ ಬಗ್ಗೆ. ತಮ್ಮ ಅಂಗಡಿಯ ಹೆಸರೇ ಎಲ್ಲಕ್ಕಿಂತ ದೊಡ್ಡದಾಗಿರಬೇಕೆಂದು ಮಾಲೀಕರ ಆಸೆ. ಅದು ಸಹಜ; ವರ್ಷಗಟ್ಟಲೆ ದುಡಿದು ಕಟ್ಟಿದ ಹೆಸರು. ಆದರೆ ಹೊಸ ಜಾಗದ ಜನರಿಗೆ ಆ ಹೆಸರು ಇನ್ನೂ ಏನನ್ನೂ ಹೇಳುತ್ತಿರಲಿಲ್ಲ, ಅದನ್ನು ಓದಿದರೆ ಏನು ಮಾರುತ್ತಾರೆಂದು ಗೊತ್ತಾಗುತ್ತಿರಲಿಲ್ಲ. ‘ಕನ್ನಡಕ’ ಎಂಬ ಪದ 480 ಮಿಲಿಮೀಟರ್ ಎತ್ತರದಲ್ಲಿ, ಹೆಸರು ಅದರ ಬಲಕ್ಕೆ 160 ಮಿಲಿಮೀಟರ್‌ನಲ್ಲಿ ಎಂದು ಒಪ್ಪಂದವಾಯಿತು. ಹೆಸರಿನಲ್ಲಿ ಒತ್ತಕ್ಷರ ಇಲ್ಲದ್ದರಿಂದ ಆ ಎತ್ತರ ಸಾಕಾಯಿತು.

ಎರಡನೆಯ ಸಾಲಿಗೆ ‘ದೃಷ್ಟಿ ಪರೀಕ್ಷೆ’ ಎಂದಿಡಬೇಕೆಂದಿದ್ದರು. ಎರಡೇ ಪದದಲ್ಲಿ ಒಂದು ವಟ್ರಸುಳಿ, ಎರಡು ಒತ್ತು. ‘ಕಣ್ಣಿನ ತಪಾಸಣೆ’ ಎಂದರೆ ಒಂದೇ ಒತ್ತು, ಓದಲು ಹಗುರ ಎಂದು ಸೂಚಿಸಿದೆ. ಮಾಲೀಕರು ಒಪ್ಪಲಿಲ್ಲ. ‘ನಾನು ಕಣ್ಣಿನ ವೈದ್ಯನಲ್ಲ. ಪವರ್ ನೋಡುತ್ತೇನೆ, ಕಾಯಿಲೆ ನೋಡುವುದಿಲ್ಲ. ಕಣ್ಣಿನ ತಪಾಸಣೆ ಎಂದರೆ ಜನ ತಪ್ಪು ತಿಳಿಯುತ್ತಾರೆ.’ ಆ ಮಾತಿಗೆ ನಾನು ತಲೆಬಾಗಿದೆ. ಓದಲು ಸುಲಭವೆಂದು ಸುಳ್ಳು ಹೇಳುವ ಫಲಕ ಯಾರಿಗೆ ಬೇಕು? ಒಂದು ದಿನ ಬಿಟ್ಟು ಅವರೇ ಫೋನ್ ಮಾಡಿ ‘ಪವರ್ ತಪಾಸಣೆ’ ಎಂದು ಬರೆಯಬಹುದೇ ಎಂದು ಕೇಳಿದರು. ಗ್ರಾಹಕರು ಆಡುವ ಮಾತು ಅದೇ. ಒಂದೂ ಒತ್ತಿಲ್ಲ, ಕೆಳಗಿನ ಅಂತಸ್ತೇ ಇಲ್ಲ. 210 ಮಿಲಿಮೀಟರ್ ಜಾಗವೆಲ್ಲ ಮೂಲ ಅಕ್ಷರಕ್ಕೇ ದಕ್ಕಿತು. ಪದದ ಆಯ್ಕೆಯೂ ವಿನ್ಯಾಸದ ಭಾಗ ಎಂದು ನಾನು ಹಲವರಿಗೆ ಹೇಳುತ್ತಿರುತ್ತೇನೆ. ಇಷ್ಟು ಸ್ಪಷ್ಟವಾಗಿ ಅದು ಎಂದೂ ಕಂಡಿರಲಿಲ್ಲ.

ಫಲಕದ ಮೂರನೆಯ ಒಂದು ಭಾಗದಷ್ಟು ಖಾಲಿ ಉಳಿಯಿತು. ‘ಇಲ್ಲಿ ಫೋನ್ ಸಂಖ್ಯೆ ಹಾಕಬಹುದಲ್ಲ’ ಎಂಬ ಮಾತು ಬಂದೇ ಬಂತು. ಸಂಖ್ಯೆಗೆ ಬಾಗಿಲ ಗಾಜಿನ ಮೇಲೆ, ಕಣ್ಣಿನ ಮಟ್ಟದಲ್ಲಿ ಜಾಗ ಕೊಟ್ಟೆ. ಮುಚ್ಚಿದ ಅಂಗಡಿಯ ಮುಂದೆ ನಿಂತವನಿಗೆ ಅದು ಬೇಕಾಗುವುದು ಅಲ್ಲಿಯೇ.

ಬಣ್ಣದ ವಿಷಯದಲ್ಲಿ ಒಂದು ಸುಲಭ ಪರೀಕ್ಷೆ ಇದೆ: ವಿನ್ಯಾಸವನ್ನು ಕಪ್ಪು ಬಿಳುಪಿಗೆ ಬದಲಿಸಿ ನೋಡುವುದು. ಹಳೆಯದನ್ನು ಹಾಗೆ ಬದಲಿಸಿದಾಗ ನೇರಳೆ ಹಿನ್ನೆಲೆಯೂ ನೀಲಿ ಅಕ್ಷರವೂ ಒಂದೇ ಬೂದು ಬಣ್ಣದಲ್ಲಿ ಕರಗಿಹೋದವು. ಹೊಸದರಲ್ಲಿ ಗಾಢ ನೀಲಿಯ ಮೇಲೆ ಬಿಳಿ ಅಕ್ಷರ, ಕನ್ನಡಕದ ರೇಖಾಚಿತ್ರಕ್ಕೆ ಮಾತ್ರ ಹಳದಿ. ನೀಲಿಯನ್ನು ಮುದ್ರಿಸುವಾಗ ಎಚ್ಚರ ಬೇಕು. ಪರದೆಯ ಮೇಲಿನ ನೀಲಿ ಬೆಳಕಿನದು, ಮುದ್ರಣದ್ದು ಶಾಯಿಯದು. ಸಿಯಾನ್ (ಹಸಿರು ಮಿಶ್ರಿತ ನೀಲಿ) ಮತ್ತು ಮಜೆಂಟಾ (ಕೆನ್ನೇರಳೆ) ಶಾಯಿ ಎರಡನ್ನೂ ನೂರಕ್ಕೆ ನೂರು ಸುರಿದರೆ ಅದು ನೇರಳೆಯಾಗಿ ಹೊರಬರುತ್ತದೆ. ಸಿಯಾನ್ 100 ಇದ್ದರೆ ಮಜೆಂಟಾವನ್ನು 65ರ ಸುತ್ತ ನಿಲ್ಲಿಸುತ್ತೇನೆ. ಇದು ಹಿಂದೆ ದೀಪವಿರುವ ಫಲಕ; ಬಿಳಿ ಅಕ್ಷರಕ್ಕೆ ಹಿಂದಿನಿಂದ ಬೆಳಕು ಬಿದ್ದಾಗ ಅದು ಅಂಚು ಮೀರಿ ಹರಡಿದಂತೆ ಕಾಣುತ್ತದೆ. ‘ಡ’, ‘ನ’ದ ಒಳಗಿನ ಕಿಂಡಿಗಳು ಮುಚ್ಚಿಹೋಗುತ್ತವೆ. ಅದಕ್ಕಾಗಿ ಅತಿ ದಪ್ಪ ಅಕ್ಷರಶೈಲಿಯನ್ನು ಬಿಟ್ಟು ಮಧ್ಯಮ ದಪ್ಪದ್ದನ್ನು ಆರಿಸಿದೆ.

ಮುದ್ರಣಾಲಯದಲ್ಲಿ

‘300 ಡಿಪಿಐ (ಅಂಗುಲಕ್ಕೆ 300 ಚುಕ್ಕೆ) ಇಲ್ಲದಿದ್ದರೆ ಮುದ್ರಣ ಒಡೆದು ಕಾಣುತ್ತದೆ’ ಎಂಬ ನಂಬಿಕೆ ಈ ಕ್ಷೇತ್ರದಲ್ಲಿ ಗಟ್ಟಿಯಾಗಿ ಬೇರೂರಿದೆ. ಕೈಯಲ್ಲಿ ಹಿಡಿದು ಓದುವ ಪುಸ್ತಕಕ್ಕೆ ಅದು ಸರಿ. ಆರು ಮೀಟರ್ ಅಗಲಕ್ಕೆ 300 ಎಂದರೆ ಅಡ್ಡಕ್ಕೇ 70,866 ಪಿಕ್ಸೆಲ್. ಕಡತ ತೆರೆಯಲೇ ಹೆಣಗಬೇಕು, ನೋಡುವವರಿಗೆ ಲಾಭವೇನೂ ಇಲ್ಲ. ಮೇಲಿನ ಒಂದು ನಿಮಿಷದ ಲೆಕ್ಕವೇ ಇಲ್ಲಿಯೂ ನಡೆಯುತ್ತದೆ: ಒಂದು ಮೀಟರ್‌ನಿಂದ ನೋಡುವ ಚಿತ್ರಕ್ಕೆ ಅಂಗುಲಕ್ಕೆ 87 ಪಿಕ್ಸೆಲ್, ಮೂರು ಮೀಟರ್‌ಗೆ 29, 22 ಮೀಟರ್‌ಗೆ ನಾಲ್ಕೇ ನಾಲ್ಕು. ಫಲಕದ ಕೆಳಗೇ ನಡೆದುಹೋಗುವವರೂ ಇರುವುದರಿಂದ 72ಕ್ಕೆ ಇಟ್ಟೆವು. ಅಕ್ಷರ ಮತ್ತು ರೇಖಾಚಿತ್ರ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಒಡೆಯದ ಗೆರೆಗಳ ಚಿತ್ರ) ಆಗಿದ್ದರಿಂದ ಅವಕ್ಕೆ ಈ ಚಿಂತೆಯೇ ಇಲ್ಲ.

ಚಿಂತೆ ಇದ್ದದ್ದು ಒಳಗೋಡೆಗೆ. ಕಾಯುವ ಜಾಗದ ಹಿಂದಿನ ಗೋಡೆ 3.6 ಮೀಟರ್ ಅಗಲ. ಅಲ್ಲಿಗೆಂದು ಮಾಲೀಕರು ಮೊಬೈಲ್‌ನಲ್ಲಿ ಕಳುಹಿಸಿದ ಕಣ್ಣಿನ ಛಾಯಾಚಿತ್ರ 1200 ಪಿಕ್ಸೆಲ್ ಅಗಲವಿತ್ತು. ಗೋಡೆಗೆ ಹಿಗ್ಗಿಸಿದರೆ ಒಂದೊಂದು ಪಿಕ್ಸೆಲ್ ಮೂರು ಮಿಲಿಮೀಟರ್‌ನ ಚೌಕ. ಒಂದು ಮೀಟರ್ ದೂರಕ್ಕೆ ಬೇಕಾದದ್ದು 12,300 ಪಿಕ್ಸೆಲ್. 6000 ಪಿಕ್ಸೆಲ್ ಅಗಲದ ಚಿತ್ರ ಕೊಡುವ 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಹೊಸದಾಗಿ ತೆಗೆದರೂ ಅರ್ಧ ದಾರಿಯೇ. ಛಾಯಾಚಿತ್ರವನ್ನು ಕೈಬಿಟ್ಟು, ಸಮೀಪದೃಷ್ಟಿಯಲ್ಲಿ ಬೆಳಕಿನ ಕಿರಣಗಳು ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುವುದನ್ನೂ ನಿಮ್ನ ಮಸೂರ ಅವನ್ನು ಹಿಂದಕ್ಕೆ ಸರಿಸುವುದನ್ನೂ ರೇಖಾಚಿತ್ರವಾಗಿ ಬರೆದೆವು; ಪಕ್ಕದಲ್ಲೇ ದೂರದೃಷ್ಟಿ ಮತ್ತು ಪೀನ ಮಸೂರ. ಮ್ಯಾಟ್ ಲ್ಯಾಮಿನೇಷನ್ ಹಾಕಿಸಿದೆ. ಹೊಳಪಿನದಾಗಿದ್ದರೆ ಅಂಗಡಿಯ ದೀಪಗಳೆಲ್ಲ ಗೋಡೆಯ ಮೇಲೇ ಕಾಣುತ್ತಿದ್ದವು.

ಗಾಜಿಗೆ ಒನ್‌ವೇ ವಿಷನ್ ಅಂಟಿಸಿ ಪೂರ್ತಿ ಮುಚ್ಚುವ ಯೋಚನೆಯನ್ನು ಬೇಗನೆ ಬಿಟ್ಟೆವು. ತೂತುಗಳಿರುವ ಆ ಹಾಳೆ ಒಳಗಿನ ಬೆಳಕನ್ನು ತಗ್ಗಿಸುತ್ತದೆ. ಫ್ರೇಮ್‌ನ ಬಣ್ಣ ನೋಡಿ ಆರಿಸುವವರಿಗೆ ಹಗಲಿನ ಬೆಳಕು ಬೇಕು. ರಾತ್ರಿ ಒಳಗೆ ದೀಪ ಹಾಕಿದರಂತೂ ಹೊರಗಿನವರಿಗೆ ಚಿತ್ರಕ್ಕಿಂತ ಅಂಗಡಿಯ ಒಳಭಾಗವೇ ಕಾಣತೊಡಗುತ್ತದೆ.

ಮುಖ್ಯ ಫಲಕಕ್ಕೆ ಬ್ಯಾಕ್‌ಲಿಟ್ ಫ್ಲೆಕ್ಸ್, ಅಂದರೆ ಹಿಂದಿನ ದೀಪದ ಬೆಳಕು ಹಾಯುವ ಪ್ಲಾಸ್ಟಿಕ್ ಹಾಳೆ. 3.2 ಮೀಟರ್ ಅಗಲದ ಸುರುಳಿ ಸಿಕ್ಕಿದ್ದರಿಂದ ಆರು ಮೀಟರ್ ಉದ್ದಕ್ಕೂ ಒಂದೇ ತುಂಡು ಸಾಕಾಯಿತು. ಜೋಡಿಸಿದ್ದರೆ ಹಿಂದಿನ ಬೆಳಕಿಗೆ ಜೋಡಣೆಯ ಗೆರೆ ಕಪ್ಪಾಗಿ ಕಾಣುತ್ತಿತ್ತು. ಬೆಳಕು ಹಾಯುವ ಮುದ್ರಣಕ್ಕೆ ಶಾಯಿ ಹೆಚ್ಚು ಬೇಕು. ಸಾಮಾನ್ಯ ಮಟ್ಟದಲ್ಲಿ ಮುದ್ರಿಸಿದರೆ ಹಗಲು ಗಾಢವಾಗಿ ಕಂಡ ನೀಲಿ ರಾತ್ರಿ ತೊಳೆದಂತಾಗುತ್ತದೆ. ಆದ್ದರಿಂದ ಮಾದರಿ ತುಂಡನ್ನು ದೀಪದ ಮುಂದೆ ಹಿಡಿದೇ ಒಪ್ಪಿಗೆ ಕೊಟ್ಟೆ.

ನಾನೇ ಮಾಡಿದ ಒಂದು ತಪ್ಪನ್ನು ಇಲ್ಲಿ ಬರೆಯಬೇಕು. ಪಿಡಿಎಫ್ ಪುಟದ ರೂಢಿಯ ಮಿತಿ 200 ಅಂಗುಲ, ಅಂದರೆ 5.08 ಮೀಟರ್. ನಮ್ಮ ಫಲಕ ಅದಕ್ಕಿಂತ ದೊಡ್ಡದು. ಹೀಗಾಗಿ ಹತ್ತನೆಯ ಒಂದು ಅಳತೆಯಲ್ಲಿ ಕಡತ ಮಾಡಿ, ಹೆಸರಿನಲ್ಲೇ 1:10 ಎಂದು ಬರೆದು ಕಳುಹಿಸಿದೆ. ಅಷ್ಟು ಸರಿ. ಆದರೆ ಅಕ್ಷರಗಳನ್ನೆಲ್ಲ ಕರ್ವ್ ಮಾಡುವಾಗ, ಅಂದರೆ ಅಕ್ಷರಶೈಲಿ ಬೇಕಿಲ್ಲದ ಬರೀ ಗೆರೆಗಳಾಗಿ ಬದಲಿಸುವಾಗ, ಒಂದು ಸಾಲು ಬಿಟ್ಟುಹೋಗಿತ್ತು. ಮುದ್ರಣಾಲಯದ ಕಂಪ್ಯೂಟರ್‌ನಲ್ಲಿ ಆ ಅಕ್ಷರಶೈಲಿ ಇರಲಿಲ್ಲ. ಮಾದರಿ ಪಟ್ಟಿಯಲ್ಲಿ ‘ಕನ್ನಡಕ’ದ ನಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಬಿಡಿಯಾಗಿ ನಿಂತಿತ್ತು. ಪೂರ್ಣ ಅಳತೆಯ ಒಂದು ಪಟ್ಟಿಯನ್ನು ಮೊದಲು ಮುದ್ರಿಸಿ ನೋಡುವ ಅಭ್ಯಾಸವಿರದಿದ್ದರೆ ಅದು ಹಾಗೆಯೇ ಮೇಲೇರುತ್ತಿತ್ತು.

ಗಾಜಿನ ಅಕ್ಷರಗಳಲ್ಲಿ ಇನ್ನೊಂದು ಬಗೆಯ ತೊಂದರೆ. ಅವನ್ನು ಮುದ್ರಿಸುವುದಿಲ್ಲ, ಅಂಟುವ ವಿನೈಲ್ ಹಾಳೆಯಲ್ಲಿ ಪ್ಲಾಟರ್ ಎಂಬ ಯಂತ್ರ ಕತ್ತರಿಸುತ್ತದೆ. ಹಲವು ಕನ್ನಡ ಅಕ್ಷರಶೈಲಿಗಳಲ್ಲಿ ಗುಡಿಸು, ಒತ್ತು, ಕೊಂಬುಗಳು ಮೂಲ ಅಕ್ಷರದ ಮೇಲೆ ಸ್ವಲ್ಪ ಏರಿ ಕೂತಿರುತ್ತವೆ. ಪರದೆಯ ಮೇಲೆ ಎಲ್ಲವೂ ಒಂದೇ ಬಣ್ಣವಾದ್ದರಿಂದ ಗೊತ್ತಾಗುವುದಿಲ್ಲ. ಪ್ಲಾಟರ್ ಮಾತ್ರ ಪ್ರತಿ ಗೆರೆಯನ್ನೂ ಹಿಡಿದು ಕೊಯ್ಯುತ್ತದೆ. ಎರಡೂ ಸೇರುವ ಜಾಗದಲ್ಲಿ ಅಕ್ಷರ ತುಂಡಾಗುತ್ತದೆ. ಕರ್ವ್ ಮಾಡಿದ ಮೇಲೆ ವೆಲ್ಡ್ ಕೂಡ ಮಾಡಿ ಎಲ್ಲವನ್ನೂ ಒಂದೇ ಹೊರಗೆರೆಯಾಗಿಸಬೇಕು. ಗೆರೆಯಷ್ಟೇ ಕಾಣುವ ನೋಟಕ್ಕೆ ಬದಲಿಸಿ ಒಂದೊಂದೇ ಅಕ್ಷರವನ್ನು ಪರಿಶೀಲಿಸಿದರೆ ಉಳಿದದ್ದು ಕಣ್ಣಿಗೆ ಬೀಳುತ್ತದೆ.

ಹೊರಚಾಚುವ ಚಿಕ್ಕ ಫಲಕ 60 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರ್ ಎತ್ತರ. ಮೇಲೆ ಕನ್ನಡಕದ ಚಿತ್ರ, ಕೆಳಗೆ ‘ಕನ್ನಡಕ’ ಎಂಬ ಒಂದೇ ಪದ. ಸ್ಥಳೀಯ ಆಡಳಿತದ ಅನುಮತಿ ಪಡೆದ ಮೇಲೆಯೇ ಗೋಡೆಗೆ ತೂತು ಕೊರೆಸಿದೆವು. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಪ್ರತಿ ಚದರ ಮೀಟರ್‌ಗೆ ಸುಮಾರು 25 ಕಿಲೋ ತೂಕದಷ್ಟು ಒತ್ತುತ್ತದೆ. ಈ ಅಳತೆಗೆ ಅದು 13 ಕಿಲೋ ಆದೀತು. ಆದರೆ ಗಾಳಿ ದಿಕ್ಕು ಬದಲಿಸಿದಂತೆಲ್ಲ ಫಲಕವನ್ನು ಗೋಡೆಗೆ ಹಿಡಿದ ತೋಳು ಎರಡೂ ಕಡೆಗೆ ತೊನೆಯುವುದರಿಂದ ಬೋಲ್ಟ್‌ಗಳು ಸಡಿಲವಾಗುತ್ತವೆ. ಫಲಕ ಕೂರಿಸುವ ಕೆಲಸಗಾರರು ಎರಡಕ್ಕೆ ಬದಲು ಮೂರು ತೋಳು ಬೇಕೆಂದರು. ಅವರ ಮಾತು ಕೇಳಿದೆವು.

ಹಾಕಿದ ಮೇಲೆ

ತಂಗುದಾಣದಿಂದ ಬರುತ್ತಿದ್ದ ಫೋನ್‌ಗಳು ಬಹುಮಟ್ಟಿಗೆ ನಿಂತಿವೆ ಎಂದು ಮಾಲೀಕರು ಹೇಳುತ್ತಾರೆ. ಒಳಗೋಡೆಯ ರೇಖಾಚಿತ್ರದ ಮುಂದೆ ಜನ ನಿಂತು ‘ನನ್ನದು ಇದರಲ್ಲಿ ಯಾವುದು?’ ಎಂದು ಕೇಳುವುದು ಅವರಿಗೆ ಹೆಚ್ಚು ಖುಷಿ ಕೊಟ್ಟಿದೆ.

ಸರಿಯಾಗದೆ ಉಳಿದದ್ದು ಹೊರಚಾಚುವ ಫಲಕ. ಅದನ್ನು ಹಗುರವಾಗಿರಲಿ ಎಂದು ಬಿಳಿ ಅಕ್ರಿಲಿಕ್ ಹಾಳೆಯಲ್ಲಿ ಮಾಡಿಸಿದ್ದೆ. ಸಂಜೆ ಸೂರ್ಯ ಅದರ ಬೆನ್ನ ಹಿಂದೆ ಇಳಿದಾಗ ಎರಡೂ ಮುಖದ ಮುದ್ರಣ ಒಂದರ ಮೇಲೊಂದು ಬಿದ್ದಂತೆ ಕಾಣುತ್ತದೆ. ಆ ಬದಿಯಿಂದ ಬರುವ ವಾಹನದವರಿಗೆ ಒಂದು ಗಂಟೆಯ ಕಾಲ ಅದು ಬರೀ ನೆರಳು. ಸ್ಥಳ ನೋಡಲು ನಾನು ಹೋದದ್ದೆಲ್ಲ ಬೆಳಗಿನ ಹೊತ್ತು. ಸಂಜೆ ಒಮ್ಮೆ ಹೋಗಿದ್ದರೆ ಸಾಕಿತ್ತು. ಈಗ ನಡುವೆ ಬೆಳಕು ತೂರದ ಹಾಳೆ ಇಟ್ಟು, ಹಿನ್ನೆಲೆಯನ್ನು ಹಳದಿ ಮಾಡಿ, ಅಕ್ಷರ ಕಪ್ಪಾಗಿಸಿ ಹೊಸದನ್ನು ಸಿದ್ಧಪಡಿಸಿದ್ದೇನೆ.

ಕಳೆದ ವಾರ ಅದರ ಕಾಗದದ ಮಾದರಿಯನ್ನು ಹಿಡಿದು ಸೂರ್ಯ ಇಳಿಯುವ ಹೊತ್ತಿಗೆ ಹೋದೆ. ನಾನು ಏಣಿ ಹತ್ತಿ ಅಂಟಿಸುತ್ತಿದ್ದಂತೆ, ಮಾಲೀಕರು ತಮ್ಮ ಕನ್ನಡಕ ತೆಗೆದು ಜೇಬಿನಲ್ಲಿಟ್ಟುಕೊಂಡು, ಮರದ ಕೊಂಬೆಯಿರುವ ಕಡೆಗೆ ಹೆಜ್ಜೆ ಎಣಿಸುತ್ತ ನಡೆದರು.